ದಡಿ ಇರುವ ಹಾಯಿ

ಹೊನ್ನವ್ವನ ಬಾಯಿಗೆ ಗಜೇಂದ್ರಗಡದ ನೇಕಾರ ಓಣಿಯೇ ಹೆದರುತ್ತಿತ್ತು. ಮಲಪ್ರಭೆ ಮಾತ್ರ ಹೆದರಲಿಲ್ಲ. ಹೋದ ವರ್ಷ ನಾಗಪಂಚಮಿಯ ಹಿಂದಿನ ದಿನ ಅವಳು ಉಂಡಿಯ ಬುಟ್ಟಿ ಹೊತ್ತು ರೋಣದ ಆಚೆಯ ದೋಣಿ ಕಡವಿಗೆ ಬಂದಾಗ ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಮಗಳು ಬಾಳವ್ವ, ಮದುವೆಯಾಗಿ ಇನ್ನೂ ಮೂರೇ ತಿಂಗಳಾಗಿದ್ದ ಹುಡುಗಿ, ಕಂಕುಳಲ್ಲಿ ಗಂಟು ಇಟ್ಟುಕೊಂಡು ನಿಂತಿದ್ದಳು. ತಾಯಿ ಕೂಗಿದ್ದು ಮಗಳಿಗೆ ಕೇಳಲಿಲ್ಲ, ಮಗಳು ಕೂಗಿದ್ದು ತಾಯಿಗೆ ಕೇಳಲಿಲ್ಲ. ಹೊತ್ತು ಮುಳುಗುವ ತನಕ ಒಬ್ಬರನ್ನೊಬ್ಬರು ನೋಡಿ, ಇಬ್ಬರೂ ಬಂದ ದಾರಿ ಹಿಡಿದರು.

ಪಂಚಮಿಗೆ ತವರಿಗೆ ಬಾರದ ಹೆಣ್ಣುಮಗಳೆಂದರೆ ನಮ್ಮ ಕಡೆ ನಾಯಿಯೂ ಅಯ್ಯೋ ಅನ್ನುತ್ತದೆ. ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ಬಾಳವ್ವನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಅಪ್ಪ ಶಿವನಪ್ಪನೋ, ಕೆರೆಯ ಏರಿಯ ಮೇಲೆ ನಡೆಯುವಾಗಲೂ ನೀರಿಲ್ಲದ ಬದಿಗೇ ನಡೆಯುವ ಮನುಷ್ಯ. ಬಾಳವ್ವನ ಅತ್ತೆ ಚನ್ನವ್ವ ದೀಪಾವಳಿಯ ಹೊತ್ತಿಗೆ ಯಾರದೋ ಕೈಯಲ್ಲಿ ಹೇಳಿಕಳಿಸಿದಳು: "ಕರಿಯಾಕ ಬಂದ್ರ ಕಳಸ್ತೀವಿ. ಬರದಿದ್ರ ನಾವಾಗೇ ತಂದು ಬಿಡಂಗಿಲ್ಲ."

ಆ ಮಾತು ಹೊನ್ನವ್ವನಿಗೆ ಸೂಜಿಯಂತೆ ನಾಟಿತು. ಬೀಗತಿಗೆ ಕೊಡಬೇಕಾದ ಉತ್ತರವನ್ನು ಅವಳು ಮಗ್ಗದ ಗುಂಡಿಯಲ್ಲಿ ಕೂತು ದಿನಾ ಮಸೆದಳು.

"ಹೆಂಗಸು ಕರಿಯಾಕ ಹ್ವಾದ್ರ ಮಂದಿ ನಗತಾರ" ಎಂದ ಶಿವನಪ್ಪ.

"ನಗಲಿ ಬಿಡ್ರಿ. ಮಂದಿ ಹಲ್ಲು ಎಣಿಸ್ಕೋತ ನಾ ಮಗಳನ್ನ ಮರೀಲೇನು?"

ಹೋಗುವುದೇನೋ ಸರಿ, ದಾಟುವುದು ಹೇಗೆ? ಕಡವಿನ ಅಂಬಿಗ ಹೂವಪ್ಪನದು ಜೋಡು ದೋಣಿ. ಎರಡು ದೋಣಿಗಳನ್ನು ಒತ್ತಟ್ಟಿಗೆ ಬಿಗಿದು, ಮೇಲೆ ಹಲಗೆ ಹಾಸಿ, ಎತ್ತು ಗಾಡಿ ಸಮೇತ ದಾಟಿಸುತ್ತಿದ್ದ. ಬೇಸಿಗೆಯಲ್ಲಿ ಗಳ ಊರಿ ತಳ್ಳಿದರೆ ಸಾಕು. ಹೊಳೆ ಬಂದರೆ ಗಳಕ್ಕೆ ನೆಲ ಸಿಗುವುದಿಲ್ಲ. ಎರಡು ಗೋಣಿಚೀಲ ಹೊಲಿದ ಒಂದು ಹಾಯಿ ಇತ್ತು; ಅದು ಇದ್ದದ್ದೂ ಒಂದೇ, ಇಲ್ಲದ್ದೂ ಒಂದೇ.

"ಶ್ರಾವಣದಾಗ ಕಡವು ಬಂದ್, ಯವ್ವಾ. ನಮ್ಮಪ್ಪನ ಕಾಲದಿಂದ ಹಿಂಗ. ಆ ದಂಡಿ ಹೆಣಮಕ್ಕಳು ತವರು ಮರತ ಬಿಟ್ಟಾರ" ಎಂದ ಹೂವಪ್ಪ.

"ನಿಮ್ಮಪ್ಪನ ದೋಣಿ, ನಿಮ್ಮಪ್ಪನ ಗೋಣಿಚೀಲ. ಇದರಾಗ ನಿಂದೇನೈತೋ?" ಎಂದಳು ಹೊನ್ನವ್ವ.

ಆ ಬೇಸಿಗೆ ಹೂವಪ್ಪ ದೋಣಿಗಳನ್ನು ತಿದ್ದಿಸಲೆಂದು ದಂಡೆಗೆ ಎಳೆದು ಮಗುಚಿ ಹಾಕಿಸಿದ. ಧಾರವಾಡದ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಆಗಲೇ ಎರಡು ವರ್ಷ. ಕಡವಿಗೆ ಆ ಸುದ್ದಿ ಮುಟ್ಟಿತ್ತು, ಸೇತುವೆ ಮಾತ್ರ ಮುಟ್ಟಿರಲಿಲ್ಲ.

ಆ ಕೆಲಸಕ್ಕೆ ಸೂಡಿಯ ಬಡಿಗ ಇಮಾಮಸಾಬನನ್ನು ಒಪ್ಪಿಸಿದವಳೂ ಹೊನ್ನವ್ವನೇ. ಇಮಾಮಸಾಬ ಮಾಡಿದ ಕೂರಿಗೆ ಬಿತ್ತಲು ಇಳಿದರೆ, ಅದರ ತಾಳು ಮಣ್ಣಲ್ಲಿ ಸೀಳಿದ ಸಾಲು ನೂಲು ಹಿಡಿದಂತೆ ನೆಟ್ಟಗೆ. "ನಿಮ್ಮ ಕೂರಿಗಿ ನೆಲದ ಮ್ಯಾಲಷ್ಟ ನೆಟ್ಟಗ ಹೋಗೂದು ಬಿಡ್ರಿ, ಇಮಾಮಣ್ಣ. ನೀರಂದ್ರ ಬ್ಯಾರೇನ" ಎಂದಳು. ಅಷ್ಟು ಸಾಕಾಯಿತು. ಮುದುಕ ಉಳಿ ಬಾಚಿ ಗಂಟು ಕಟ್ಟಿ ಮರುದಿನವೇ ಹೊರಟ.

ಮಗುಚಿದ ದೋಣಿಗಳ ಸುತ್ತ ಮೂರು ಸಲ ಸುತ್ತಿ ಅವನು ನಕ್ಕ. "ಇಷ್ಟು ಒತ್ತಿ ಕಟ್ಟಿದ್ರ ನಡುವಿನ ನೀರು ಎಲ್ಲಿ ಹೋಗಬೇಕೋ ಹೂವಪ್ಪ? ಕೂರಿಗಿ ತಾಳು ದೂರ ದೂರ ಇದ್ರನ ಮಣ್ಣು ಸರೀತೈತಿ."

ಮೊದಲು ತಳ ಕೆರೆದರು. ಅಪ್ಪನ ಕಾಲದಿಂದ ಬಳಿಯುತ್ತ ಬಂದ ಡಾಂಬರು ಬುಟ್ಟಿಗಟ್ಟಲೆ ಬಿತ್ತು. ಒಂದೊಂದು ದೋಣಿ ನಾಲ್ವರು ಎತ್ತುವಷ್ಟು ಹಗುರಾಯಿತು. ಆಮೇಲೆ ಎರಡರ ನಡುವೆ ನಾಲ್ಕು ಮೊಳ ಬಿಟ್ಟು, ಜಾಲಿಯ ತೊಲೆ ಹಾಯಿಸಿ, ಮೊಳೆ ಹೊಡೆಯದೆ ಹಗ್ಗದಲ್ಲೇ ಬಿಗಿದರು. ಉದ್ದನೆಯ ಬಿದಿರಿನ ಕಂಬ ನಿಂತಿತು. ನೋಡಲು ಬಂದವರೆಲ್ಲ ಒಂದೊಂದು ಬುದ್ಧಿ ಹೇಳಿ ಹೋದರು, ಅದಕ್ಕೇನು ಬರವೇ?

ಹಾಯಿ ಹೊನ್ನವ್ವನ ಪಾಲಿನದು. ಎರಡೆಳೆ ನೂಲು, ಎದೆ ನೋಯುವಂಥ ಪೆಟ್ಟು. ಸೀರೆಯಗಲದ ಐದು ಪಟ್ಟಿ ನೇಯ್ದಳು. ಐದಕ್ಕೂ ಎರಡೂ ಅಂಚಿಗೆ ಕೆಂಪು ದಡಿ.

"ಹಾಯಿಗೆ ದಡಿ ಯಾಕ? ದೋಣಿಗೇನು ಸೀರಿ ಉಡಸ್ತೀಯಾ?" ಎಂದು ಶಿವನಪ್ಪ ನಕ್ಕ.

"ದಡಿ ಇಲ್ಲದ ಬಟ್ಟಿ ಈ ಕೈಯಾಗ ಹುಟ್ಟಂಗಿಲ್ಲ."

ಮಿರಗದ ಮಳೆಗೆ ಹೊಳೆಗೆ ಹೊಸ ನೀರು ಬಂತು, ಹಾಯಿ ಏರಿತು. ಗಾಳಿ ತುಂಬಿದ ಕೂಡಲೇ ಜೋಡು ದೋಣಿ ಎಂದೂ ಓಡದಷ್ಟು ಜೋರಾಗಿ ಓಡಿತು, ಆದರೆ ಅಡ್ಡಡ್ಡ! ಮುಂದೆ ಹೋಗುವ ಬದಲು ಏಡಿಯಂತೆ ಬದಿಗೆ ಸರಿದು ಕೆಸರಿಗೆ ಹೋಗಿ ಕೂತಿತು. ಅಷ್ಟರಲ್ಲಿ ಮಳೆ ಬಿದ್ದು, ನೂಲಿಗೆ ಹಾಕಿದ್ದ ಜೋಳದ ಗಂಜಿ ಕರಗಿ, ಹಾಯಿ ಒದ್ದೆ ಧೋತರದಂತೆ ಜೋತುಬಿತ್ತು. ದಂಡೆಯ ಮೇಲಿನವರು ಹೊಟ್ಟೆ ಹಿಡಿದು ನಕ್ಕರು. ಹೊನ್ನವ್ವ ಹಾಯಿ ಬಿಚ್ಚಿ, ಹಿಂಡಿ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತಳು.

ಗಜೇಂದ್ರಗಡಕ್ಕೆ ಮರಳುವಾಗ ದಾರಿಯಲ್ಲಿ ಒಬ್ಬ ಕುರುಬ ಸುರಿಯುವ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಆರಾಮಾಗಿ ಕುರಿ ಕಾಯುತ್ತಿದ್ದ. ಕಂಬಳಿಯ ಒಳಗೆ ಹನಿ ನೀರಿಲ್ಲ, ಗಾಳಿಯ ಸುಳಿವಿಲ್ಲ. ಹೊನ್ನವ್ವ ಹಣೆ ಬಡಿದುಕೊಂಡಳು. ಕಂಬಳಿಗೆ ಬಳಿಯುವುದು ಹುಣಸೆ ಬೀಜದ ಗಂಜಿ! ಹುಟ್ಟಿದಾಗಿನಿಂದ ಕಂಡದ್ದು, ಬೇಕಾದಾಗ ನೆನಪಾಗಿರಲಿಲ್ಲ. ಮನೆಗೆ ಬಂದವಳೇ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ, ಹಾಯಿಗೆ ಮೂರು ಸಲ ಬಳಿದು ಒಣಗಿಸಿದಳು. ಬಟ್ಟೆ ತಟ್ಟಿದರೆ ಹಲಗೆಯಂತೆ ಸದ್ದು ಮಾಡಿತು.

ಇಮಾಮಸಾಬನೂ ಸುಮ್ಮನೆ ಕೂತಿರಲಿಲ್ಲ. "ತಾಳು ನೆಲಕ್ಕಿಳೀದ ಕೂರಿಗಿ ಎತ್ತು ಜಗ್ಗಿದ ಕಡೆ ಹೊರಳತೈತಿ. ನಾ ದೋಣಿಗೆ ತಾಳು ಇಟ್ಟಿಲ್ಲಲ್ಲೋ!" ಎನ್ನುತ್ತ, ಎರಡು ದೋಣಿಗಳ ನಡುವಿನ ಸಂದಿನಲ್ಲಿ ಆಳುದ್ದದ ತೇಗದ ಹಲಗೆಯೊಂದನ್ನು ಏರಿಸಿ ಇಳಿಸುವಂತೆ ಕೂರಿಸಿದ. ನೀರಿಗೆ ಇಳಿದ ಹಲಗೆ ದೋಣಿಯನ್ನು ಬದಿಗೆ ಸರಿಯಗೊಡುವುದಿಲ್ಲ.

ಪಂಚಮಿಯ ಹಿಂದಿನ ದಿನ ಹೊಳೆ ಹೋದ ವರ್ಷಕ್ಕಿಂತ ಕಡವಿನ ಒಂದು ಮೆಟ್ಟಿಲು ಮೇಲೆಯೇ ಇತ್ತು. ಕಡವಿನ ಹತ್ತಿರ ಮಲಪ್ರಭೆ ತಿರುವು ತಗೊಂಡು ಒಂದು ಮೈಲಿ ಪಡುವಣಕ್ಕೆ ಹರಿಯುತ್ತದೆ. ಶ್ರಾವಣದ ಗಾಳಿ ಪಡುವಣದಿಂದಲೇ ಬೀಸುತ್ತದೆ. ನೀರು ಅತ್ತ ಎಳೆಯುತ್ತದೆ, ಗಾಳಿ ಇತ್ತ ತಳ್ಳುತ್ತದೆ. ನಡುವೆ ದಾರಿ ಮಾಡಿಕೊಂಡವನೇ ಜಾಣ.

ಹೂವಪ್ಪ ಹಿಂದೆ ಚುಕ್ಕಾಣಿ ಹಿಡಿದ. ಇಮಾಮಸಾಬ ಹಲಗೆಯ ಹತ್ತಿರ ನಿಂತ. ಹೊನ್ನವ್ವ ಮಗಳನ್ನು ತವರಿಗೆ ಕರೆದು ಉಡಿ ತುಂಬಲೆಂದು ತಂದ ಗಂಟನ್ನು ಕಂಬಕ್ಕೆ ಕಟ್ಟಿ, ಸೆರಗು ಸೊಂಟಕ್ಕೆ ಬಿಗಿದು, ಹಾಯಿಯ ಹಗ್ಗ ತಾನೇ ತಗೊಂಡಳು. "ಬಿಗಿ ಅಂದ್ರೇನು ಅಂತ ನನಗ ಕಲಿಸಬ್ಯಾಡ. ಮೂವತ್ತು ವರ್ಷ ಮಗ್ಗಕ್ಕ ಹಾಸಿನ ನೂಲು ಬಿಗದೀನಿ."

ಹಾಯಿ ತುಂಬಿತು. ದೋಣಿ ಒಮ್ಮೆ ಜಗ್ಗಿ, ನೀರಿನಲ್ಲಿ ಎರಡು ಸಾಲು ಕೊರೆಯುತ್ತ ಹಾರಿಯೇಬಿಟ್ಟಿತು. ಹೊನ್ನವ್ವ ಸಣ್ಣ ಹುಡುಗಿಯಂತೆ ಕೇಕೆ ಹಾಕಿದಳು. ನಡುಹೊಳೆಯಲ್ಲಿ ನೀರು ಹಿಡಿದೆಳೆಯಿತು, ಮೂತಿ ಪಡುವಣಕ್ಕೆ ಹೊರಳಿತು.

"ಇಮಾಮಣ್ಣಾ, ತಾಳು ಇಳಸ್ರಿ!" ಎಂದು ಅವಳು ಕೂಗಿದಳು.

ಮುದುಕ ಹಲಗೆಯನ್ನು ತಳದ ತನಕ ಇಳಿಸಿದ. ದೋಣಿ ನೆಲ ಕಚ್ಚಿದಂತೆ ನಿಂತು ಮತ್ತೆ ಮುಂದೆ ನಡೆಯಿತು. ಅಷ್ಟರಲ್ಲಿ ದೊಡ್ಡದೊಂದು ಗಾಳಿ ಬಂದು ಎಡಗಡೆಯ ದೋಣಿ ನೀರಿನಿಂದ ಗೇಣುದ್ದ ಮೇಲೆದ್ದಿತು. "ಬಿಡು, ಯವ್ವಾ, ಹಗ್ಗಾ ಬಿಡು!" ಎಂದು ಹೂವಪ್ಪ ಅರಚಿದ. ಅವಳು ಬಿಡಲಿಲ್ಲ. ಅಂಗೈ ಸುಡುತ್ತಿದ್ದರೂ ಎರಡೇ ಗೇಣು ಸಡಿಲಿಸಿದಳು. ಹಾಯಿ ಪಟಪಟಿಸಿತು, ದೋಣಿ ಮೆತ್ತಗೆ ಕೂತಿತು. ದಡಿಗೆ ದಡಿ ಸೇರಿಸಿ ಹೊಲಿದಿದ್ದ ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ.

ಇವರ ಮುಖ ಕಾಣುವ ಮೊದಲೇ ಆಚೆ ದಂಡೆಯಿಂದ ಬಾಳವ್ವ ಕುಣಿಯುತ್ತ ಕೂಗಿದ್ದು ಕೇಳಿತು. "ನಮ್ಮವ್ವನ ದಡಿ! ಅದು ನಮ್ಮವ್ವನ ದಡೀನ!"

ಗಳ ಇಡದೆ, ಹುಟ್ಟು ಹಾಕದೆ, ಜೋಡು ದೋಣಿ ನೆಟ್ಟಗೆ ಮೆಟ್ಟಿಲಿಗೇ ಬಂದು ನಿಂತಿತು. ಮಗಳು ಮೊಣಕಾಲಿನ ತನಕ ನೀರಿಗಿಳಿದು ತಾಯಿಯ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ಅತ್ತರು, ನಕ್ಕರು, ಮತ್ತೆ ಅತ್ತರು.

ಮೇಲಿನ ಮೆಟ್ಟಿಲ ಮೇಲೆ ಚನ್ನವ್ವ ನಿಂತಿದ್ದಳು. ಹೊನ್ನವ್ವ ಕಣ್ಣೊರೆಸಿಕೊಂಡು, ವರ್ಷವಿಡೀ ಮಸೆದಿಟ್ಟ ಮಾತನ್ನು ನಾಲಿಗೆಗೆ ತಂದುಕೊಂಡು ಮೆಟ್ಟಿಲೇರಿದಳು. ಆಗ ಕಂಡಿತು: ಬೀಗತಿಯ ಕಂಕುಳಲ್ಲೂ ಒಂದು ಗಂಟಿತ್ತು. ಕೊನೆಯ ಸಲ ಯಾವಾಗ ಉಟ್ಟಿದ್ದಳೋ, ಮಡಿಕೆ ಗೆರೆಯಲ್ಲಿ ಬಣ್ಣ ಹೋದ ಸೀರೆ ಉಟ್ಟಿದ್ದಳು.

"ನನ್ನ ತವರೂ ನಿಮ್ಮ ದಂಡೀನ, ರಾಜೂರ, ಬೀಗತೇರ. ತಮ್ಮ ತೀರಿದ ಮ್ಯಾಲ ಇಪ್ಪತ್ತೆರಡು ಪಂಚಮಿ ಆದ್ವು, ಕರಿಯಾಕ ಯಾರೂ ಬಂದಿಲ್ಲ" ಎಂದಳು ಚನ್ನವ್ವ, ನೆಲ ನೋಡುತ್ತ. "ಕರೀದ ಹ್ಯಾಂಗ ಹೋಗೂದ್ರಿ? ನಿಮ್ಮ ಹಾಯಿ ಸುದ್ದಿ ಈ ದಂಡಿಗೂ ಬಂದಿತ್ತು, ದೋಣ್ಯಾಗ ಜಾಗಾ ಐತೇನು ಅಂತ ಕೇಳಾಕ ಬಂದೆ."

ಹೊನ್ನವ್ವ ಮಸೆದ ಮಾತನ್ನು ಅಲ್ಲೇ ಬಿಟ್ಟು, ಇಳಿದು ಹೋಗಿ ಕಂಬದ ಗಂಟು ಬಿಚ್ಚಿ ತಂದಳು. ಅದರಲ್ಲಿದ್ದದ್ದು ಒಬ್ಬಳ ಉಡಿಗಾಗುವ ಅಕ್ಕಿ, ಒಂದು ಕೊಬ್ಬರಿ ಬಟ್ಟಲು, ಒಂದು ಕುಪ್ಪಸದ ಕಣ. ಮಗಳತ್ತ ನೋಡಿದಳು. ಬಾಳವ್ವ ಆಗಲೇ ಹೂಂ ಎಂದು ತಲೆ ಆಡಿಸಿದ್ದಳು.

"ಸೆರಗು ಒಡ್ಡರಿ, ಬೀಗತೇರ. ನಾ ಕರಿಯಾಕ ಬಂದೀನಿ."