ಎರಡನೇ ಸೈರನ್

ಮಗಳು ಹತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಉಂಡೆ ಮಾಡಿ ಅಮ್ಮನ ಕಿವಿಗೆ ಒತ್ತಿದಳು.

"ಕೇಳಿಸ್ತಾ?"

"ಏನು?" ಎಂದಳು ಅಮ್ಮ, ಆಮೇಲೆ ತಾನೇ ನಕ್ಕಳು.

ಅವರಿಬ್ಬರೂ ಕೂತಿದ್ದ ವೇದಿಕೆಯ ಮುಂದೆ ಮೈದಾನದ ತುಂಬ ಬಿಳಿ ಬಟ್ಟೆ ತೊಟ್ಟ ಜನ. ಅಣುಬಾಂಬು ಬಿದ್ದ ಹೊತ್ತಿಗೆ ಸರಿಯಾಗಿ ಸೈರನ್ ಕೂಗಿಸಿ ಮೌನವಾಗಿ ನಿಲ್ಲುವುದು ಶಾಂತಿ ಸಮಿತಿಯ ಪದ್ಧತಿ. ಹೋದ ವರ್ಷ ಅದು ಕೂಗಿದ್ದೇ ತಡ, ಬಾಂಬಿನಿಂದ ಬದುಕುಳಿದ ಈ ಮುದುಕಿ ಮತ್ತೆ ಪುಟ್ಟ ಹುಡುಗಿಯಾಗಿ ಮೇಜಿನ ಕೆಳಗೆ ನುಗ್ಗಿದ್ದಳು. ಎಲ್ಲರೆದುರು ಬಟ್ಟೆ ಒದ್ದೆಯಾಗಿತ್ತು. ಜನ ಬಿಕ್ಕಿ ಬಿಕ್ಕಿ ಅತ್ತರು. ಫೋಟೋ ಪತ್ರಿಕೆಯಲ್ಲಿ ಬಂತು. ಅಮ್ಮ ನಾಚಿಕೆಯಿಂದ ತಿಂಗಳುಗಟ್ಟಲೆ ಬೀದಿಗಿಳಿಯಲಿಲ್ಲ.

ಈ ಸಲವೂ ಬಂದದ್ದು ಬಾಂಬು ಬಿದ್ದ ದಿನ ಸತ್ತ ತಂಗಿಗೆ ಹೂವಿಡಲು ತನ್ನನ್ನು ಬಿಟ್ಟರೆ ಯಾರೂ ಇಲ್ಲವೆಂದು. ಮಗಳು ಚೀಲಕ್ಕೆ ಹಾಕಿದ್ದ ಇನ್ನೊಂದು ಜೊತೆ ಬಟ್ಟೆಯನ್ನು ಅಮ್ಮನೇ ತೆಗೆದು ಕಪಾಟಿಗಿಟ್ಟಿದ್ದಳು. "ಹತ್ತಿ ಇದೆಯಲ್ಲ. ಈ ಸಲ ಮರ್ಯಾದೆಯಾಗಿ ಕೂತು ಬರ್ತೀನಿ."

ಸೈರನ್ ಕೂಗಿತು. ಅಮ್ಮ ಕದಲಲಿಲ್ಲ. ಜನ ತಲೆ ಬಗ್ಗಿಸಿದ್ದು ನೋಡಿ ತಾನೂ ಬಗ್ಗಿಸಿದಳು, ಎದ್ದು ಹೋಗಿ ಹೂವಿಟ್ಟಳು. ವಾಪಸು ಬಂದು ಕೂತು ಮಗಳ ಕಡೆ ಹುಬ್ಬು ಹಾರಿಸಿದಳು.

"ಏನೂ ಆಗ್ಲೇ ಇಲ್ವಲ್ಲ," ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರವನ್ನು ಮಡಿಸಿಟ್ಟಳು.

ಸಮಿತಿಯ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು, ಊರಿಗೆಲ್ಲ ಒಳ್ಳೆಯವರು. ಟಿವಿಯವರು ಅವರ ಹತ್ತಿರ ಏನೋ ಪಿಸುಗುಟ್ಟಿದರು. ಅಮ್ಮನ ಶಾಲು ಸರಿಮಾಡುವವರಂತೆ ಬಂದು ಬಗ್ಗಿದ ಹೆಡ್‌ಮಾಸ್ಟರಿಗೆ ಹತ್ತಿ ಕಂಡಿತು.

"ಇದೇನಮ್ಮ ಇದು?"

"ಹೆದರ್ಕೋತಾಳೆ ಸಾರ್. ನೀವೇ ನೋಡಿದೀರಲ್ಲ," ಎಂದಳು ಮಗಳು.

"ನೋಡಿರೋದಕ್ಕೇ ಹೇಳ್ತಿರೋದು. ಶಾಲೆ ಮಕ್ಕಳು ಬಂದಿದಾರೆ. ಯುದ್ಧ ಅಂದ್ರೆ ಏನು ಅಂತ ಅವರಿಗೆ ಗೊತ್ತಾಗ್ಬೇಡ್ವಾ? ನಮ್ಮ ಭಾಷಣ ಯಾರು ಕೇಳ್ತಾರೆ?"

"ಬೇಡ ಸಾರ್," ಎಂದು ಮಗಳು ಅವರ ಕೈ ಹಿಡಿದುಕೊಂಡಳು. "ಬೇರೆ ಬಟ್ಟೆ ತಂದಿಲ್ಲ."

ಅವರು ಅವಳ ಕೈಯನ್ನು ಮೃದುವಾಗಿ ಬಿಡಿಸಿಕೊಂಡರು. ಮಗುವಿನ ಕಾಲಿನ ಮುಳ್ಳು ತೆಗೆಯುವಷ್ಟು ಜೋಪಾನವಾಗಿ ಎರಡೂ ಉಂಡೆ ತೆಗೆದು ಜೇಬಿಗೆ ಹಾಕಿಕೊಂಡರು. ಮೈಕಿನಲ್ಲಿ, "ತಾಂತ್ರಿಕ ಕಾರಣದಿಂದ ಇನ್ನೊಮ್ಮೆ ಮೌನ," ಎಂದರು.

ಸೈರನ್ ಕೂಗಿತು. ಅಮ್ಮ ಕುರ್ಚಿಯಿಂದ ನೆಲಕ್ಕೆ ಬಿದ್ದು, ತಂಗಿಯನ್ನು ಕರೆಯುತ್ತ ಮೇಜಿನ ಕೆಳಗೆ ತೆವಳಿದಳು. ಮಗಳು ಅವಳ ಮೇಲೆ ಬಗ್ಗಿ ಎರಡೂ ಕೈಯಿಂದ ಕಿವಿ ಮುಚ್ಚಿದಳು. ಅದರಿಂದ ಫೋಟೋ ಇನ್ನೂ ಚೆನ್ನಾಗಿ ಬಂತು.

ಜನ ಮನಸಾರೆ ಅತ್ತರು. ಪಾರಿವಾಳ ಹಾರಿಸಿದರು. ಮೈದಾನ ಖಾಲಿಯಾದರೂ ಅಮ್ಮ, ಮಗಳು ಎತ್ತಿ ಕೂರಿಸಿದ ಕುರ್ಚಿ ಬಿಟ್ಟು ಏಳಲಿಲ್ಲ. ಮಗಳು ಅವಳಿಗೆ ಅಡ್ಡವಾಗಿ ನಿಂತಿದ್ದಳು.

ಶಾಮಿಯಾನದವನು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಹತ್ತಿರ ಬಂದ. "ಅಜ್ಜಿ, ಸ್ವಲ್ಪ ಏಳ್ತೀರಾ? ಇದೊಂದು ಕುರ್ಚಿ ಬಾಕಿ."

ಅಮ್ಮ ಬಿಳಿ ಶಾಲನ್ನು ಮಡಿಲ ಮೇಲೆ ಹರಡಿಕೊಂಡು ಎದುರಿಗೆ ನೋಡುತ್ತ ಕೂತಿದ್ದಳು.

"ಏನು?" ಎಂದಳು.