ಯಂತ್ರದ ಗವಸು

ತಂಗಿಯ ಮೊಣಕಾಲಿಗೆ ಹೊಸ ಕೀಲು ಹಾಕಿ ಆಸ್ಪತ್ರೆಯಿಂದ ಕಳಿಸಿದಾಗ ಅವಳು ನೇರವಾಗಿ ನಮ್ಮ ಮನೆಗೆ ಬಂದಳು. ಅವಳ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಮ್ಮದು ನೆಲಮಹಡಿ, ಮುಂದೆ ನನ್ನ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆ. ಅದಕ್ಕಿಂತ ಹೆಚ್ಚಾಗಿ, ಮಲಗಿದವರ ಕಾಲನ್ನು ತಾನೇ ಮೆಲ್ಲಗೆ ಮಡಿಸಿ ಬಿಡಿಸುವ ಯಂತ್ರವೊಂದು ನಮ್ಮಲ್ಲಿತ್ತು. ಹಿಂದೆ ನನ್ನ ಹೆಂಡತಿಗೂ ಇದೇ ಶಸ್ತ್ರಚಿಕಿತ್ಸೆಯಾದಾಗ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದೆವು. ಅವಳ ಕಾಲು ಸರಿಹೋಯಿತು. ಕಳೆದ ವರ್ಷ ಹೃದಯ ಕೈಕೊಟ್ಟಿತು. ದೇವರು ಅವಳನ್ನು ಕರೆಸಿಕೊಂಡ.

ತಂಗಿಯನ್ನು ಚಿಕ್ಕಂದಿನಿಂದ ಗುಬ್ಬಿ ಎಂದೇ ಕರೆಯುತ್ತೇವೆ. ಆ ಹೆಸರು ಈಗ ಅವಳ ಮೈಗೆ ಬಹಳ ಬಿಗಿ. ಡಾಕ್ಟರು ಅವಳಿಗೆ ಒಂದೇ ಮಾತು ಹೇಳಿದ್ದರು: ಮುಂದಿನ ಭೇಟಿಯ ಹೊತ್ತಿಗೆ ಕಾಲು ತೊಂಬತ್ತು ಡಿಗ್ರಿ ಮಡಿಸದಿದ್ದರೆ, ಮತ್ತೆ ಮತ್ತಿನ ಮದ್ದು ಕೊಟ್ಟು ತಾವೇ ಬಗ್ಗಿಸಬೇಕಾಗುತ್ತದೆ. ಮೊದಲ ಸಲ ಆ ಮತ್ತಿನಿಂದ ಎಚ್ಚರವಾಗುವಾಗಲೇ ಅವಳು ಬಹಳ ನರಳಿದ್ದಳು.

“ಇನ್ನೊಂದ್ಸಲ ಆ ಬಾಗಿಲೊಳಗೆ ಹೋಗಲ್ಲ ಕಣಣ್ಣಾ. ಹೋದ್ರೆ ಹೆಣವಾಗಿ ಬರ್ತೀನಿ,” ಎಂದಳು.

“ಬಿಡ್ತು ಅನ್ನು. ಯಂತ್ರ ಇದೆ, ದೇವರಿದ್ದಾನೆ,” ಎಂದೆ.

“ದೇವರನ್ನ ನಂಬ್ತೀನಿ. ಆ ಹಳೇ ಡಬ್ಬಾನ ಹೆಂಗೆ ನಂಬ್ಲಿ?”

ಡಬ್ಬಾ ಹಳೆಯದೇ. ನನ್ನ ಹೆಂಡತಿಯ ಕಾಲು ವಾಸಿಯಾದ ನಂತರ ನಮ್ಮ ಬೀದಿಯ ಎಷ್ಟೋ ಕಾಲುಗಳು ಅದರಲ್ಲಿ ಮಲಗಿ, ಎದ್ದು, ಅಂಗಡಿಗೆ ಹೋಗಿ ತರಕಾರಿ ಚೌಕಾಸಿ ಮಾಡಿವೆ. ಕೊಟ್ಟ ಮನೆಗೆಲ್ಲ ಹೆಂಡತಿ ಯಂತ್ರದ ಹಿಂದೆಯೇ ಹೋಗಿ ಹೇಳಿ ಬರುತ್ತಿದ್ದಳು. ಆಡುವ ತುಂಡನ್ನು ಹಿಡಿದು ಎತ್ತಬೇಡಿ, ಅಡಿಪಟ್ಟಿ ಹಿಡಿದು ಎತ್ತಿ. ಮಗುವನ್ನು ಒಂದು ಕೈ ಹಿಡಿದು ಜಗ್ಗುತ್ತೀರಾ? ನೀರು ಸುರಿಯಬೇಡಿ, ಬಟ್ಟೆ ಹಿಂಡಿ ಒರೆಸಿ. ವೈರನ್ನು ಬಿಗಿದು ಕಟ್ಟಬೇಡಿ, ಸಡಿಲವಾಗಿ ಸುತ್ತಿ. ಮರಳಿ ಬಂದಾಗ ಕಾಲಿಲ್ಲದೆ ಒಂದು ಸುತ್ತು ಓಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಪೆಟ್ಟಿಗೆಗೆ ಹಾಕುತ್ತಿದ್ದಳು. “ಅತ್ತಿಗೆ ಅಣ್ಣನ ಕೆಮ್ಮನ್ನೂ ಇಷ್ಟು ಗಮನ ಇಟ್ಟು ಕೇಳಿರಲಿಕ್ಕಿಲ್ಲ,” ಎಂದು ಗುಬ್ಬಿ ನಗುತ್ತಿದ್ದಳು. ಅತ್ತಿಗೆ ನಾದಿನಿಯರಿಗೆ ಹಾವು ಮುಂಗುಸಿಯ ಸ್ನೇಹ.

ಪೆಟ್ಟಿಗೆ ತೆರೆದೆವು. ಕಾಲಿಡುವ ತೊಟ್ಟಿಲಿಗೆ ಉಣ್ಣೆಯಂಥ ಬಿಳಿ ಮೆತ್ತೆ. ಅದಕ್ಕೆ ನನ್ನ ಹಳೆಯ ಅಂಗಿಯ ಬಟ್ಟೆಯಲ್ಲಿ ಹೆಂಡತಿಯೇ ಕೈಯಲ್ಲಿ ಹೊಲಿದ ಗವಸು. ಹೊಲಿಗೆಯ ಅಂಚುಗಳೆಲ್ಲ ಹೊರಗೆ ಜೋಲುತ್ತಿದ್ದವು.

ಗುಬ್ಬಿ ಕಣ್ಣರಳಿಸಿದಳು. “ಊರಿಗೆಲ್ಲ ಬಟ್ಟೆ ಹೊಲಿಯೋನ ಹೆಂಡ್ತಿ! ನೋಡಣ್ಣಾ, ಉಲ್ಟಾ ಹೊಲಿದಿದ್ದಾಳೆ.”

ನನಗೆ ಮುಜುಗರವಾಯಿತು. ಫಿಸಿಯೋ ಮೇಡಂ ಬರುವವರಿದ್ದರು. ತೀರಿಹೋದವಳ ಮರ್ಯಾದೆ ನಾನಲ್ಲದೆ ಇನ್ನಾರು ಕಾಯಬೇಕು? ಗವಸನ್ನು ಕಳಚಿ, ಸರಿಯಾದ ಮಗ್ಗುಲಿಗೆ ತಿರುಗಿಸಿ, ಇಸ್ತ್ರಿ ಮಾಡಿ ಮತ್ತೆ ಹಾಕಿದೆ. ಅಂಗಡಿಯಿಂದ ತಂದ ಹಾಗೆ ಕಂಡಿತು.

ಮೇಡಂ ಬಂದು ಕಾಲನ್ನು ಕೂರಿಸಿ, ಗುಂಡಿ ಒತ್ತಿ, ಎಷ್ಟು ಮಡಿಸಬೇಕೆಂದು ಗುರುತು ಹಾಕಿಕೊಟ್ಟು ಹೋದರು. ಯಂತ್ರ ಸದ್ದಿಲ್ಲದೆ ಏರಿ ಇಳಿಯಿತು. ಆದರೆ ಮರುದಿನವೇ ಗುಬ್ಬಿಯ ಮೀನಖಂಡದ ಮೇಲೆ ಕೆಂಪು ಗೆರೆ ಎದ್ದಿತು.

“ನಿನ್ನ ಹೆಂಡ್ತಿ ಹೋದ್ಮೇಲೂ ನನ್ನ ಚುಚ್ಚೋದು ಬಿಟ್ಟಿಲ್ಲ ನೋಡು!” ಎಂದು ಗವಸನ್ನು ಕಿತ್ತು ಕುರ್ಚಿಯ ಮೇಲೆಸೆದಳು. ಬರಿಯ ಮೆತ್ತೆಯ ಮೇಲೆ ಕಾಲಿಟ್ಟು, “ಆಹಾ, ಇದು ಸುಖ,” ಎಂದಳು. ನಾನೂ ಗವಸನ್ನು ಮತ್ತೆ ಹಾಕಲಿಲ್ಲ. ದಿನಕ್ಕಿಷ್ಟು ಎಂದು ಕಾಲು ಬಗ್ಗುತ್ತ ಬಂತು.

ಭೇಟಿಯ ದಿನ ಹತ್ತಿರವಾಗುತ್ತಿದ್ದಾಗ ಯಂತ್ರ ಒಮ್ಮೆ ನರಳಿತು. ಮರುದಿನ ಕಾಲನ್ನು ಅರ್ಧಕ್ಕೆ ಏರಿಸಿ ನಿಂತುಬಿಟ್ಟಿತು. ಗುಬ್ಬಿಯನ್ನು ಬಿಡಿಸುವಷ್ಟರಲ್ಲಿ ಇಬ್ಬರೂ ಬೆವೆತೆವು. ರಿಪೇರಿಯವನಿಗೆ ಫೋನ್ ಮಾಡಿದರೆ, “ಈ ಮಾಡೆಲ್ ನಿಂತೇ ಹೋಗಿದೆ ಯಜಮಾನ್ರೇ, ಬಿಡಿ ಭಾಗ ಸಿಗಲ್ಲ,” ಎಂದ. ಬಾಡಿಗೆಗೆ ಕೊಡುವ ಯಂತ್ರಗಳೆಲ್ಲ ಬೇರೆ ಬೇರೆ ಮನೆಗಳಲ್ಲಿದ್ದವು.

ಸಂಜೆ ಮೇಡಂ ಕೈಯಿಂದಲೇ ಬಗ್ಗಿಸಲು ನೋಡಿದರು. ಗುಬ್ಬಿ ಹಲ್ಲು ಕಚ್ಚಿದಳು. “ಬಿಗೀತಾ ಇದೆ ಅಮ್ಮಾ. ಇನ್ನೆರಡು ದಿನ ಹೀಗೇ ಬಿಟ್ರೆ ಕಷ್ಟ,” ಎಂದು ಹೇಳಿ ಹೊರಟರು. ಗುಬ್ಬಿ ತಮಾಷೆ ಮಾಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ನಾನು ಅಂಗಡಿಯಿಂದ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ತಂದೆ. ನಿಂತ ಯಂತ್ರಕ್ಕೆ ಎಣ್ಣೆ ಬಿಡುವುದೊಂದೇ ನನಗೆ ಗೊತ್ತಿರುವ ಮದ್ದು. ಪ್ಲಗ್ ಕಿತ್ತು, ಯಂತ್ರವನ್ನು ಅಡಿಪಟ್ಟಿ ಹಿಡಿದು ಮಗ್ಗುಲಾಗಿ ಮಲಗಿಸಿ, ಡಬ್ಬಿಯ ಮೂತಿಯನ್ನು ಸಂದಿಗೆ ಒಡ್ಡಿದವನು ಕೈ ತಡೆದೆ. ತೊಟ್ಟಿಲನ್ನು ಎಳೆಯುವ ಉದ್ದನೆಯ ತಿರುಪಿನ ಸುತ್ತ ಬಿಳಿ ಜುಂಗು ದಪ್ಪವಾಗಿ ಸುತ್ತಿಕೊಂಡಿತ್ತು. ನನ್ನ ಮಶೀನಿನ ಬಾಬಿನ್ ಕೆಳಗೆ ನೂಲಿನ ಜುಂಗು ಸೇರುವುದನ್ನು ಇಡೀ ಆಯಸ್ಸು ನೋಡಿದ್ದೇನೆ. ಅದರ ಮೇಲೆ ಎಣ್ಣೆ ಬಿದ್ದರೆ ಅಂಟಾಗಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ. ಡಬ್ಬಿಯನ್ನು ದೂರ ಇಟ್ಟೆ.

ಚಿಮಟ, ಒಣ ಬ್ರಷ್ಷು ತಂದು ಎಳೆ ಎಳೆಯಾಗಿ ಬಿಡಿಸುತ್ತ ಕೂತೆ.

“ಏನಣ್ಣಾ ಅದು?” ಗುಬ್ಬಿ ಇತ್ತ ಹೊರಳಿದ್ದಳು.

“ನಿನ್ನ ಸುಖ,” ಎಂದೆ. “ಮೆತ್ತೆ ಉದುರಿಸಿದ್ದು.”

“ಅಷ್ಟು ಜನ ಬಳಸಿದಾಗ ಉದುರ್ಲಿಲ್ವಾ?”

ಆಗಲೇ ಕುರ್ಚಿಯ ಮೇಲಿದ್ದ ಗವಸನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನಿಜವಾಗಿ ನೋಡಿದೆ. ಹೊಲಿಗೆ ಸೊಟ್ಟಗಿತ್ತು, ಆದರೆ ಎಲ್ಲಿಯೂ ಎಳೆ ಬಿಟ್ಟಿರಲಿಲ್ಲ. ಗವಸಿನ ಬಾಯಿಯನ್ನು ಎರಡು ಸಲ ಮಡಚಿ, ಜುಂಗು ಹೊರಬೀಳದಂತೆ ಅಡಿಯಲ್ಲಿ ಗುಂಡಿ ಹಾಕಿದ್ದಳು. ಅದನ್ನು ಮತ್ತೆ ಉಲ್ಟಾ ತಿರುಗಿಸಿ ಮೆತ್ತೆಗೆ ತೊಡಿಸಿದೆ. ಮೆತ್ತೆ ಮೂಲೆಯಿಂದ ಮೂಲೆಗೆ ಸಪಾಟಾಗಿ ಕೂತಿತು. ಹೊಲಿಗೆಯ ದಪ್ಪ ಅಂಚುಗಳು ತೊಟ್ಟಿಲಿನ ಆಚೆ ಗಾಳಿಯಲ್ಲಿ ಜೋತವು. ನಾನು ತಿರುಗಿಸಿದಾಗ ಅದೇ ಅಂಚುಗಳು ಒಳಗೆ ಸೇರಿ, ಕಾಲಿನ ಅಡಿಯಲ್ಲಿ ಏಣಾಗಿ ನಿಂತಿದ್ದವು.

ನಾವು ದರ್ಜಿಗಳು ನೋಡುವವರ ಕಣ್ಣಿಗೆ ಹೊಲಿಯುತ್ತೇವೆ. ಅವಳು ಕಾಲಿಗೆ ಹೊಲಿದಿದ್ದಳು. ಅದೂ ತನ್ನ ಕಾಲು ನೋಯುತ್ತಿದ್ದ ದಿನಗಳಲ್ಲಿ, ನನ್ನನ್ನೊಂದು ಮಾತೂ ಕೇಳದೆ. ಕೇಳಿದ್ದರೆ ನಾನು ನೆಟ್ಟಗೆ ಹೊಲಿದು ಕೆಡಿಸುತ್ತಿದ್ದೆ.

“ಗುಬ್ಬೀ, ಇದು ತಪ್ಪಿ ಹೊಲಿದದ್ದಲ್ಲ ಕಣೇ,” ಎಂದು ತೋರಿಸಿದೆ.

ಅವಳು ಬೆರಳಿನಿಂದ ಅಂಚನ್ನು ಮುಟ್ಟಿ ಮುಟ್ಟಿ ನೋಡಿದಳು. “ಹೇಳಬಾರದಿತ್ತಾ ಮಹರಾಯ್ತಿ,” ಎಂದಳು. ನನಗೆ ಹೇಳಿದ್ದಲ್ಲ ಅದು.

ಕಾಲಿಲ್ಲದೆ ಒಂದು ಸುತ್ತು ಓಡಿಸಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದೆವು. ತೊಟ್ಟಿಲು ಅರ್ಧ ದಾಟಿತು, ಮೇಲೇರಿತು, ಇಳಿಯಿತು. ನಾನು ಕೈಮುಗಿದೆ. ಆ ದಿನವೂ ಮುಂದಿನ ದಿನಗಳಲ್ಲೂ ಗುಬ್ಬಿ ಕಣ್ಣಲ್ಲಿ ನೀರು ತುಂಬಿಕೊಂಡೇ ಯಂತ್ರಕ್ಕೆ ಕಾಲು ಕೊಟ್ಟಳು, ಸಾಕೆನ್ನಲಿಲ್ಲ.

ಭೇಟಿಯ ದಿನ ಡಾಕ್ಟರು ಅವಳ ಪಾದ ಹಿಡಿದು ಬಗ್ಗಿಸಿದರು. ಅಳತೆಪಟ್ಟಿ ಇಟ್ಟು ನೋಡಿ, “ತೊಂಬತ್ತು ದಾಟಿದೆ. ಮತ್ತಿನ ಮದ್ದಿನ ಮಾತೇ ಬೇಡ, ಮನೆಗೆ ಹೋಗಿ,” ಎಂದರು. ಗುಬ್ಬಿ ಹೊರಗಿನ ಬೆಂಚಿಗೆ ಬಂದು ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಇದ್ದಾಗ ಅವಳನ್ನ ಹೊಗಳೋಕೆ ನಾಲಿಗೆ ಏಳ್ಲಿಲ್ಲ ಅಣ್ಣಾ.”

“ನೀನು ಹೊಗಳಿದ್ರೆ ಅವಳು ಗಾಬರಿಯಾಗಿ ಡಾಕ್ಟರನ್ನ ಕರೆಸ್ತಿದ್ಲು,” ಎಂದೆ.

ಅಳುವಿನ ನಡುವೆಯೇ ನಕ್ಕಳು. ಬಾಗಿಲಿಗೆ ಗಾಡಿ ಬಂತು. ನಾನು ಅವಳ ಕಾಲನ್ನು ಎತ್ತಿ ಒಳಗಿಡಲು ಬಗ್ಗಿದೆ. “ಬಿಡಣ್ಣಾ,” ಎಂದು ಕೈ ಸರಿಸಿ, ಸೀಟಿನ ಮೇಲೆ ಕೂತು, ಮೊಣಕಾಲನ್ನು ತಾನೇ ಮಡಿಸಿ ಒಳಗೆಳೆದುಕೊಂಡಳು.