ಹೆಚ್ಚಿದ ಬೆರಳು

ದೊಡ್ಡಪ್ಪ ಪಾಠ ಹೇಳುವ ಕೆಲಸದಿಂದ ನಿವೃತ್ತರಾದರೂ ಅಂಗರಚನಾ ಸಂಗ್ರಹಾಲಯದಿಂದ ನಿವೃತ್ತರಾಗಲಿಲ್ಲ. ವೈದ್ಯಕೀಯ ಕಾಲೇಜಿನ ಹಿಂಭಾಗದಲ್ಲಿ ಎರಡು ಉದ್ದನೆಯ ಕೋಣೆಗಳು. ಗಾಜಿನ ಬೀರುಗಳ ತುಂಬ ಜಾಡಿಗಳು. ಜಾಡಿಗಳಲ್ಲಿ ಯಾರ್ಯಾರದೋ ಮೂತ್ರಪಿಂಡ, ಬಾಗಿದ ಬೆನ್ನುಮೂಳೆ, ಎದೆ ಅಂಟಿಕೊಂಡೇ ಹುಟ್ಟಿದ ಎರಡು ಕೂಸು. ಸಾರ್ವಜನಿಕರಿಗೆ ಬಾಗಿಲು ತೆರೆಯುವುದೆಂದು ತೀರ್ಮಾನವಾದಾಗ, ಲ್ಯಾಟಿನ್ ಹೆಸರುಗಳ ಪಕ್ಕದಲ್ಲಿ ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಕ್ಷರ ದುಂಡಗಿತ್ತು, ಬಾಯಿ ಇರಲಿಲ್ಲ.

ಅಕ್ಷರ ದುಂಡಗಾಗಲು ಕಾರಣ ನನ್ನ ಬಲಗೈಯ ಆರನೆಯ ಬೆರಳು. ಕಿರುಬೆರಳಿನ ಆಚೆ, ಉಗುರು, ಗಿಣ್ಣು ಎಲ್ಲ ಇರುವ ಪೂರ್ತಿ ಬೆರಳು. ಬರೆಯುವಾಗ ಮೊದಲು ಅದು ಕಾಗದದ ಮೇಲೆ ಊರುತ್ತದೆ, ಆಮೇಲೆ ಕೈ ಅಲುಗುವುದಿಲ್ಲ. ಬೀದಿಗೆ ಇಳಿದರೆ ಮಾತ್ರ ಅಂಗಿಯ ತೋಳಿನೊಳಗೆ ಅಡಗುತ್ತದೆ. ಬರುವ ಸೋಮವಾರ ಅದನ್ನು ತೆಗೆಸುವುದೆಂದು ಅಮ್ಮ, ದೊಡ್ಡಮ್ಮ, ದೊಡ್ಡಪ್ಪನ ಶಿಷ್ಯರಾಗಿದ್ದ ಶಸ್ತ್ರವೈದ್ಯರು ಸೇರಿ ಗೊತ್ತುಮಾಡಿದ್ದರು. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದರೆ ನಮ್ಮ ಮನೆಯವರ ಕಿವಿಗೆ ಅದು "ಹೂಂ" ಎಂದೇ ಕೇಳಿಸುತ್ತದೆ.

ಶುಕ್ರವಾರ ಕೊನೆಯ ಬೀರು, ಕೈಕಾಲುಗಳದ್ದು. ಊಟದ ಡಬ್ಬಿ ತಂದಿದ್ದ ದೊಡ್ಡಮ್ಮ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದರು. ಸಾಲಿನ ನಡುವಿನ ಒಂದು ಜಾಡಿಯಲ್ಲಿ ಬರೀ ದ್ರಾವಣವಿತ್ತು. ಚೀಟಿ ಮಾತ್ರ ಆಗಲೇ ಅಂಟಿತ್ತು, ದೊಡ್ಡಪ್ಪನ ಕಾಗೆಕಾಲು ಗುಬ್ಬಿಕಾಲು ಅಕ್ಷರದಲ್ಲಿ: ಹೆಚ್ಚಿದ ಬೆರಳು.

"ಇದ್ಯಾರದು ದೊಡ್ಡಪ್ಪ?"

ಅವರು ಕನ್ನಡಕ ಹಣೆಗೇರಿಸಿ ನಕ್ಕರು. "ನಿಂದೇ ಕಣಮ್ಮ. ಸೋಮವಾರ ಬರುತ್ತಲ್ಲ. ಇಷ್ಟು ಚೆನ್ನಾಗಿ ಬೆಳೆದಿದ್ದು ನಮ್ಮಲ್ಲಿ ಒಂದೂ ಇಲ್ಲ. ಸುಮ್ನೆ ಯಾಕೆ ಬಿಸಾಕೋದು?"

"ನೋಡಿದ್ಯಾ, ಇವರಿಗೆ ಮನೆ ಮಗಳೂ ಒಂದೇ, ಜಾಡೀನೂ ಒಂದೇ" ಎಂದರು ದೊಡ್ಡಮ್ಮ, ಒರೆಸುವುದನ್ನು ನಿಲ್ಲಿಸದೆ.

ನಾನು ಚೀಟಿಯನ್ನು ಮತ್ತೊಮ್ಮೆ ಓದಿದೆ. ಅವರು ಬರೆದದ್ದು ಬೇಕಾದ್ದಕ್ಕಿಂತ ಜಾಸ್ತಿ ಎಂಬ ಅರ್ಥದಲ್ಲಿ. ನನ್ನ ಕಣ್ಣಿಗೆ ಅಡುಗೆಮನೆಯ ಹಲಗೆ, ಚಾಕು ಕಂಡವು.

"ಹೆಚ್ಚಿದ ಅಂದ್ರೆ ಯಾವುದು ದೊಡ್ಡಪ್ಪ? ಜಾಸ್ತಿ ಹುಟ್ಟಿದ್ದಾ, ಬೀನ್ಸ್ ಹೆಚ್ಚಿದ ಹಾಗೆ ಹೆಚ್ಚಿದ್ದಾ?"

ದೊಡ್ಡಮ್ಮ ಕಿಸಕ್ಕೆಂದರು. ದೊಡ್ಡಪ್ಪ ಬಗ್ಗಿ ನೋಡಿ ತಲೆ ಕೆರೆದುಕೊಂಡರು. "ಅಯ್ಯೋ, ಹೌದಲ್ಲ! ಹಾಗಾದ್ರೆ ಹೆಚ್ಚುವರಿ ಅಂತ ಬರಿ. ನಿನ್ನ ಅಕ್ಷರದಲ್ಲೇ ಇರಲಿ."

ಹೊಸ ಚೀಟಿ ಮುಂದಿಟ್ಟರು. ಪೆನ್ನು ಹಿಡಿದೆ. ಆರನೆಯದು ಎಂದಿನಂತೆ ಮೊದಲು ಹೋಗಿ ಕಾಗದದ ಮೇಲೆ ಕೂತಿತು, ತನ್ನ ಮೇಲೇ ತೀರ್ಪು ಬರೆಯಲು ಆಸರೆಯಾಗಿ. ಪೆನ್ನು ಕೆಳಗಿಟ್ಟೆ.

"ಬರೆಯಲ್ಲ."

"ಬೇರೆ ಪದ ಬೇಕಾ?"

"ಯಾವ ಪದಾನೂ ಬೇಡ. ಹುಟ್ಟಿದಾಗ್ಲೇ ಆರಿತ್ತು. ಹೆಚ್ಚಾಗಿದ್ದು ಯಾವಾಗ? ಐದು ಅನ್ನೋದು ನಿಮ್ಮ ಲೆಕ್ಕ. ನನ್ನ ಕೈಗೆ ಆರೇ ಸರಿ."

"ಇದೇನೇ, ಇವಳಿಗೆ ಬಾಯಿ ಬಂತು!" ದೊಡ್ಡಮ್ಮನ ಕೈಯ ಬಟ್ಟೆ ನಿಂತಿತು. "ನಾಳೆ ಮದುವೆ ಮಾತು ಬಂದಾಗ ಅವರು ಕೈ ನೋಡಿದ್ರೆ?"

"ನೋಡ್ಲಿ. ಇಲ್ಲಿ ಜನ ಟಿಕೆಟ್ ತಗೊಂಡು ನೋಡ್ತಾರೆ. ಅವರಿಗೆ ಪುಕ್ಕಟೆ."

ದೊಡ್ಡಪ್ಪ ಈ ಸಲ ನಗಲಿಲ್ಲ. "ಡಾಕ್ಟ್ರಿಗೆ ಏನಂತ ಹೇಳ್ಲಿ? ನನ್ನ ಮಾತಿಗೆ ಒಪ್ಕೊಂಡಿದಾನೆ ಕಣೆ."

"ನಿಮಗೆ ಕಷ್ಟ ಆದ್ರೆ ನಾನೇ ಹೇಳ್ತೀನಿ."

ಫೋನಿನಲ್ಲಿ ಅಪರಿಚಿತರೊಡನೆ ಮಾತಾಡಬೇಕೆಂದರೆ ನಾನು ಅಮ್ಮನ ಕೈಗೆ ದಾಟಿಸುವವಳು. ಆದರೂ ಮೇಜಿನ ಮೇಲಿನ ಫೋನ್ ಎತ್ತಿದೆ. ಆಸ್ಪತ್ರೆಯ ಹುಡುಗಿ ನನ್ನ ಹೆಸರು ಕೇಳಿ, "ಸೋಮವಾರದ್ದಾ? ಮುಂದಕ್ಕೆ ಹಾಕ್ಲಾ ಮೇಡಂ?" ಎಂದಳು.

"ಬೇಡ. ರದ್ದು ಮಾಡಿ."

"ಕಾರಣ ಏನಂತ ಹಾಕ್ಲಿ?"

ಫೋನನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಮೇಜಿನ ಮೇಲೆ ಅಗಲವಾಗಿ ಊರಿದೆ.

"ಬೆರಳಿಗೆ ಏನೂ ಆಗಿಲ್ಲ, ಅಂತ ಹಾಕಿ."

ಫೋನ್ ಇಟ್ಟು ತಿರುಗಿದಾಗ ದೊಡ್ಡಪ್ಪ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಚೀಟಿ ಕೆರೆಯುತ್ತಿದ್ದರು. ಅಂಟು ಗಟ್ಟಿಯಿತ್ತು. ನಾನು ಸಹಾಯಕ್ಕೆ ಹೋಗಲಿಲ್ಲ.